ಹತ್ತನೆಯವನು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಕಾಲಕ್ರಮದಲ್ಲಿ ಒಂದು ರೋಗ ಅಂಟಿಕೊಳ್ಳುತ್ತದೆ. ಎಲ್ಲಿ ಬರಹ ಕಂಡರೂ ಅವರ ಕಣ್ಣು ಮೊದಲು ಅರ್ಥದ ಕಡೆಗೆ ಹೋಗುವುದಿಲ್ಲ, ಕಾಗುಣಿತದ ಕಡೆಗೆ ಹೋಗುತ್ತದೆ. ಮದುವೆಯ ಕಾಗದದಲ್ಲಿ ವಧೂವರರ ಹೆಸರಿಗಿಂತ ಮುಂಚೆ ಅಲ್ಪಪ್ರಾಣ ಮಹಾಪ್ರಾಣಗಳು ಕಾಣಿಸುತ್ತವೆ. ಲಾರಿಯ ಬೆನ್ನಿನ ನೀತಿವಾಕ್ಯದಲ್ಲಿ ನೀತಿ ಕಾಣದೆ ಒತ್ತಕ್ಷರ ಕಾಣಿಸುತ್ತದೆ. ನನಗೆ ಈ ರೋಗ ಹಿಡಿದು ಇಪ್ಪತ್ತು ವರ್ಷಗಳಾದುವು. ಆದುದರಿಂದ, ಕೂಳೂರು ಸೇತುವೆಯ ಸಮೀಪದಲ್ಲಿ ನಾನು ದಿನವೂ ಬೆಳಿಗ್ಗೆ ಬನ್ಸು ತಿಂದು ಚಹಾ ಕುಡಿಯುವ ಹೋಟೆಲಿನ ಗೋಡೆಯ ಮೇಲೆ ಒಂದು ದಿನ ಹೊಸ ಬೋರ್ಡು ಕಂಡಾಗ, ಅದರಲ್ಲಿ ಮೂರು ತಪ್ಪುಗಳಿವೆ ಎಂಬುದು ಮೊದಲು ತಿಳಿಯಿತು. ಅದು ಏನು ಹೇಳುತ್ತಿದೆ ಎಂಬುದು ಆಮೇಲೆ ತಿಳಿಯಿತು.

‘ಸರಕಾರದ ಇ.ಎಸ್.ಐ. ಕಾನೂನಿನ ನಿಮಿತ್ಯ ತಿಂಡಿ ಪಧಾರ್ಥಗಳ ಬೆಲೆ ಹೆಚ್ಛಿಸಲಾಗಿದೆ. ಗ್ರಾಹಕರು ಸಹಕರಿಸಬೇಕು.’

ಮೂವತ್ತೈದು ರೂಪಾಯಿಯ ಬನ್ಸು ನಲ್ವತ್ತಕ್ಕೆ ಏರಿತ್ತು. ನಮ್ಮ ಮೇಜಿನ ಸುತ್ತ ದಿನವೂ ಸೇರುವ ನಾಲ್ಕೈದು ಜನರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಅವರು ಕನ್ನಡಕ ಏರಿಸಿ ಬೋರ್ಡನ್ನು ಎರಡು ಸಲ ಓದಿ, “ಕಾನೂನು ಮಾಡುದು ಸರಕಾರ, ಕಟ್ಟುದು ಭಟ್ರು, ಕಡೆಗೆ ಕೊಡುವವ ನಾನು! ಇವರಿಗೆ ಜ್ವರ ಬಂದರೆ ನನ್ನ ಬನ್ಸಿಗೆ ಯಾಕೆ ಬಿಸಿ ತಾಗಬೇಕು ಮಾರಾಯ್ರೇ?” ಎಂದರು. ಎಲ್ಲರೂ ನಕ್ಕೆವು. ನಾನು ಉಳಿದವರಿಗಿಂತ ಸ್ವಲ್ಪ ಹೆಚ್ಚಾಗಿಯೇ ನಕ್ಕೆನೆಂದು ತೋರುತ್ತದೆ.

ಇ.ಎಸ್.ಐ. ಎಂದರೆ ಕಾರ್ಮಿಕರ ರಾಜ್ಯ ವಿಮೆ. ಓದುಗರಲ್ಲಿ ಹಲವರಿಗೆ ಅದು ಸಂಬಳದ ಚೀಟಿಯಲ್ಲಿ ಕಡಿತವಾಗುವ ಒಂದು ಸಾಲಾಗಿ ಮಾತ್ರ ಪರಿಚಯವಿರಬಹುದು. ನನಗೂ ಅಷ್ಟೆ. ಆದರೆ ಐದು ರೂಪಾಯಿ ಹೆಚ್ಚು ಕೊಟ್ಟವನಿಗೆ ಜ್ಞಾನದ ಹಸಿವು ಹುಟ್ಟುವುದು ಸಹಜ. ಆ ದಿನ ಸಂಜೆ ಉತ್ತರಪತ್ರಿಕೆಗಳ ಕಟ್ಟನ್ನು ಬದಿಗಿಟ್ಟು ನಾನು ಈ ವಿಷಯವನ್ನು ಓದಲು ಕುಳಿತೆ.

ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚೆಯೇ, ೧೯೪೪ರಲ್ಲಿ, ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಎಂಬ ಅರ್ಥಶಾಸ್ತ್ರಜ್ಞರು ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿಯೊಂದನ್ನು ಸಿದ್ಧಪಡಿಸಿದರು. ಅದರ ಆಧಾರದ ಮೇಲೆ ೧೯೪೮ರಲ್ಲಿ ಕಾಯಿದೆಯಾಯಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ದಿಲ್ಲಿಯಲ್ಲಿಯೂ ಅದೇ ದಿನ ಆರಂಭವಾಯಿತು. ಗೌರವಾರ್ಥವಾಗಿ ಮೊದಲನೆಯ ವಿಮಾದಾರರೆಂದು ಪ್ರಧಾನಮಂತ್ರಿಗಳ ಹೆಸರನ್ನೇ ಬರೆದುಕೊಂಡರಂತೆ. ಯೋಜನೆಯ ತಿರುಳು ಸರಳವಾದುದು. ಧಣಿಯೂ ಆಳೂ ಸಂಬಳದ ಒಂದು ಸಣ್ಣ ಪಾಲನ್ನು ಪ್ರತಿ ತಿಂಗಳೂ ಒಂದೇ ಪೆಟ್ಟಿಗೆಗೆ ಹಾಕಬೇಕು. ಆಳಿಗೂ ಅವನ ಮನೆಯವರಿಗೂ ಕಾಯಿಲೆಯಾದರೆ ಚಿಕಿತ್ಸೆ ಆ ಪೆಟ್ಟಿಗೆಯಿಂದ ಆಗಬೇಕು. ಚಿಕಿತ್ಸೆ ಮಾತ್ರವಲ್ಲ, ಮಲಗಿದ ದಿನಗಳ ಕೂಲಿಯೂ ಬರಬೇಕು. ಸಾಮಾನ್ಯ ಕಾಯಿಲೆಯಾದರೆ ವರ್ಷಕ್ಕೆ ೯೧ ದಿನಗಳವರೆಗೆ ಸಂಬಳದ ನೂರಕ್ಕೆ ೭೦ ಪಾಲು. ಕೆಲಸದಲ್ಲಿ ಗಾಯವಾದರೆ ನೂರಕ್ಕೆ ೯೦ ಪಾಲು. ಹೆರಿಗೆಗೆ ೨೬ ವಾರ ಪೂರ್ತಿ ಸಂಬಳ.

ಈ ಪಾಲು ಎಷ್ಟು? ಧಣಿಯದು ಸಂಬಳದ ನೂರಕ್ಕೆ ೩.೨೫, ಆಳಿನದು ೦.೭೫; ಒಟ್ಟು ೪. ನಾನು ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕಿದೆ. ಹೋಟೆಲಿನಲ್ಲಿ ಬರುವ ಪ್ರತಿ ನೂರು ರೂಪಾಯಿಯಲ್ಲಿ ಇಪ್ಪತ್ತೈದು ಸಂಬಳಕ್ಕೆ ಹೋಗುತ್ತದೆಂದು ಭಟ್ಟರೇ ಹಿಂದೆ ಒಮ್ಮೆ ಗೋಳು ಹೇಳಿಕೊಂಡಿದ್ದರು. ಮೂವತ್ತೈದು ರೂಪಾಯಿಯ ಬನ್ಸಿನಲ್ಲಿ ಸಂಬಳದ ಅಂಶ ಎಂಟು ರೂಪಾಯಿ ಎಪ್ಪತ್ತೈದು ಪೈಸೆ. ಅದಕ್ಕೆ ನೂರಕ್ಕೆ ೩.೨೫ರಂತೆ ಸುಮಾರು ಇಪ್ಪತ್ತೆಂಟು ಪೈಸೆ. ಲೆಕ್ಕದಲ್ಲಿ ನಾನು ಯಾವಾಗಲೂ ಹಿಂದೆ. ಆದುದರಿಂದ ಮತ್ತೆ ಮಾಡಿದೆ. ಇಪ್ಪತ್ತೆಂಟು ಪೈಸೆಯೇ ಬಂತು. ಇಪ್ಪತ್ತೈದು ಪೈಸೆಯ ನಾಣ್ಯವನ್ನೇ ೨೦೧೧ರಲ್ಲಿ ಹಿಂದಕ್ಕೆ ಪಡೆದಾಗಿದೆ. ಇಪ್ಪತ್ತೆಂಟು ಪೈಸೆಯನ್ನು ವಸೂಲು ಮಾಡಬೇಕೆಂದರೆ ಭಟ್ಟರಿಗೆ ದಾರಿಯೂ ಇಲ್ಲ. ಅದಕ್ಕಾಗಿ ಐದು ರೂಪಾಯಿಯ ನಾಣ್ಯದ ತನಕ ಏರಬೇಕಾಯಿತೋ ಏನೋ!

ಮರುದಿನ ಹೋಟೆಲಿನಲ್ಲಿ ಜನ ಕಡಮೆ ಇದ್ದರು. ಹೆದ್ದಾರಿಯಲ್ಲಿ ಪಣಂಬೂರು ಬಂದರಿನ ಕಡೆಗೆ ಹೋಗುವ ಲಾರಿಗಳು ಸೇತುವೆಯ ತನಕ ಸಾಲುಗಟ್ಟಿ ನಿಂತಿದ್ದುವು. ನನ್ನ ಬಸ್ಸು ಆ ಸಾಲಿನ ಬಾಲದಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಹೋಟೆಲಿನ ಆಳುಗಳನ್ನು ಎಣಿಸಿದೆ. ಅಡುಗೆಯವರು ಇಬ್ಬರು, ದೋಸೆ ಹಾಕುವವ ಒಬ್ಬ, ಚಹಾದವ ಒಬ್ಬ, ತಿಂಡಿ ತಂದುಕೊಡುವವರು ಮೂವರು, ಮೇಜು ಒರೆಸುವ ಹುಡುಗ ಒಬ್ಬ, ಪಾರ್ಸೆಲು ಕಟ್ಟುವವ ಒಬ್ಬ. ಒಂಬತ್ತು. ನಾನು ಹಿಂದಿನ ರಾತ್ರಿ ಓದಿದ್ದ ಪ್ರಕಾರ ಕಾನೂನು ತಾಗುವುದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಗೆರೆ ಎಳೆದಿರುವುದು ಹತ್ತಕ್ಕೇ. ಅದಕ್ಕಿಂತ ಕಡಮೆ ಜನ ಇರುವವರು ಮನಸ್ಸಿದ್ದರೆ ಸೇರಬಹುದು. ಕಳ್ಳ ಸಿಕ್ಕಿದನೆಂಬ ಸಂತೋಷದಿಂದ ಗಲ್ಲಾಪೆಟ್ಟಿಗೆಯ ಬಳಿ ಹೋಗಿ, “ಏನು ಭಟ್ರೇ, ನಿಮ್ಮಲ್ಲಿ ಇರುವುದು ಒಂಬತ್ತೇ ಜನ. ಕಾನೂನು ಹತ್ತಕ್ಕಲ್ಲವೇ?” ಎಂದೆ.

ಭಟ್ಟರು ಚಿಲ್ಲರೆ ಎಣಿಸುತ್ತಿದ್ದವರು ತಲೆ ಎತ್ತಿ ನಕ್ಕರು. “ಎಲ್ರೂ ಹಾಗೇ ಎಣಿಸುದು ಮಾಷ್ಟ್ರೇ. ನಾನೂ ಎಂಟು ವರ್ಷ ಹಾಗೇ ಎಣಿಸಿದ್ದೆ. ಹಿಂದೆ ಹೋಗಿ ನೋಡಿ.”

ಹಿಂದೆ ಹೋದೆ. ಹದಿನೈದು ವರ್ಷ ಆ ಹೋಟೆಲಿನಲ್ಲಿ ತಿಂದವನು ನಾನು. ಕೈ ತೊಳೆಯುವ ತೊಟ್ಟಿಯಿಂದ ಆಚೆಗೆ ಒಂದು ದಿನವೂ ಹೋದವನಲ್ಲ. ಅಲ್ಲಿ ತಗಡಿನ ಮಾಡಿನ ಕೆಳಗೆ, ಮಣೆಯ ಮೇಲೆ ಕುಳಿತು, ಬೆಟ್ಟದಷ್ಟು ಪಾತ್ರೆಗಳ ನಡುವೆ ಒಬ್ಬಳು ಹೆಂಗಸು ತೊಳೆಯುತ್ತಿದ್ದಳು. ಪಾತ್ರೆ ಮುಗಿದರೆ ಕಾಯಿ ತುರಿಯುವುದು, ಅದು ಮುಗಿದರೆ ಉದ್ದು ತೊಳೆಯುವುದು. ಎಲ್ಲರೂ ಅವಳನ್ನು ‘ಅಕ್ಕ’ ಎನ್ನುತ್ತಾರೆ. ಹೆಸರು ಬೇಕಾಗುವುದು ಪುಸ್ತಕದಲ್ಲಿ ಬರೆಯುವುದಕ್ಕೆ. ಎಂಟು ವರ್ಷ ಅವಳ ಹೆಸರು ಯಾವ ಪುಸ್ತಕಕ್ಕೂ ಬೇಕಾಗಿರಲಿಲ್ಲ.

ವೇದಾಂತ ಹೇಳುವವರು ಒಂದು ಕತೆ ಹೇಳುವುದುಂಟು. ಹತ್ತು ಜನ ಹೊಳೆ ದಾಟಿದರು. ಆಚೆಯ ದಡದಲ್ಲಿ ಎಲ್ಲರೂ ಬಂದೆವೋ ಎಂದು ಒಬ್ಬ ಎಣಿಸಿದ: ಒಂಬತ್ತು. ಇನ್ನೊಬ್ಬ ಎಣಿಸಿದ: ಒಂಬತ್ತು. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸುತ್ತಿದ್ದ. ಹತ್ತನೆಯವನು ಹೊಳೆಯ ಪಾಲಾದನೆಂದು ಎಲ್ಲರೂ ಗೋಳಾಡುತ್ತಿದ್ದಾಗ ದಾರಿಹೋಕನೊಬ್ಬ ಬಂದು, “ಹತ್ತನೆಯವನು ನೀನೇ” ಎಂದು ತೋರಿಸಿಕೊಟ್ಟನಂತೆ. ನಮ್ಮ ಫಲ್ಗುಣಿ ಹೊಳೆಯನ್ನೂ ಹಿಂದೆ ದೋಣಿಯಲ್ಲಿಯೇ ದಾಟುತ್ತಿದ್ದರು. ದೋಣಿ ಹೋಗಿ ಸೇತುವೆಗಳಾದರೂ ಮಂಗಳೂರಿನಲ್ಲಿ ಕೂಳೂರು ಫೆರಿ ರೋಡು ಎಂಬ ಹೆಸರು ಉಳಿದುಕೊಂಡಿದೆ. ಆ ಕತೆ ನಮ್ಮ ಊರಿನಲ್ಲೇ ನಡೆದದ್ದೆಂದು ಆ ಬೆಳಿಗ್ಗೆ ನನಗೆ ಅನ್ನಿಸಿತು. ಒಂದೇ ವ್ಯತ್ಯಾಸ. ಕತೆಯವರು ಹತ್ತನೆಯವನು ಕಾಣದೆ ಅತ್ತರು. ನಾವು ಕಾಣದೆ ಇದ್ದುದರಿಂದ ಅಗ್ಗದ ಬನ್ಸು ತಿಂದೆವು.

ಅಗ್ಗ ಹೇಗೆಂದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಕುದಿಯುವ ನೀರಿನ ಹಂಡೆ ಜಾರಿ ಅಕ್ಕನ ಎಡಗಾಲು ಮೊಣಕಾಲಿನವರೆಗೆ ಬೆಂದಿತ್ತು. ಆಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸಹಾಯಕ್ಕೆಂದು ಒಂದು ಡಬ್ಬಿ ಇಟ್ಟಿದ್ದರು. ನಾನು ಐವತ್ತು ರೂಪಾಯಿ ಹಾಕಿದ್ದೆ. ಹಾಕಿ, ಆ ದಿನವೆಲ್ಲ ದಾನಶೂರ ಕರ್ಣನಂತೆ ತಿರುಗಾಡಿ, ಮರುದಿನ ಮರೆತಿದ್ದೆ. ಯಾರ ಕಾಲು ಎಂದು ಕೇಳಿದ್ದು ಕೂಡ ನೆನಪಿಲ್ಲ. ಈಗ ಅಕ್ಕ ತುಳುವಿನಲ್ಲಿ ಹೇಳಿದಳು: ಇಪ್ಪತ್ತಾರು ದಿನ ಮಲಗಿದ್ದು, ದಿನಕ್ಕೆ ನಾನೂರ ಐವತ್ತರ ಸಂಬಳ ಇಲ್ಲ, ಭಟ್ಟರು ಐದು ಸಾವಿರ ಕೊಟ್ಟರು, ಆದರೆ ಅದು ಮುಂಗಡ, ಆಮೇಲೆ ಸಂಬಳದಲ್ಲಿ ಹಿಡಿದರು, ಡಬ್ಬಿಯಿಂದ ಎರಡು ಸಾವಿರದ ನೂರು ಬಂತು, ಬೆಂಡೋಲೆ ಸೊಸೈಟಿಯಲ್ಲಿ ಅಡವಿಟ್ಟದ್ದು ಬಿಡಿಸಲಿಕ್ಕೆ ಎರಡು ವರ್ಷ ಹಿಡಿಯಿತು. ಅವಳು ಇದನ್ನು ದೂರು ಹೇಳುವವಳಂತೆ ಹೇಳಲಿಲ್ಲ, ಬಸ್ಸಿನ ಸಮಯ ಹೇಳುವವಳಂತೆ ಹೇಳಿದಳು. ಕೈ ಪಾತ್ರೆ ಉಜ್ಜುತ್ತಲೇ ಇತ್ತು.

ಇಪ್ಪತ್ತಾರು ದಿನಕ್ಕೆ ಹನ್ನೊಂದು ಸಾವಿರದ ಏಳುನೂರು ರೂಪಾಯಿ. ಪುಸ್ತಕದಲ್ಲಿ ಹೆಸರಿದ್ದಿದ್ದರೆ ಅದರ ನೂರಕ್ಕೆ ೯೦ರಂತೆ ೧೦,೫೩೦ ರೂಪಾಯಿ ಅವಳಿಗೆ ಬರುತ್ತಿತ್ತು. ಔಷಧದ ಖರ್ಚು ಬೇರೆ. ಅದು ಬರಲಿಲ್ಲ. ಎಂದರೆ ಆ ಖರ್ಚು ಇರಲಿಲ್ಲವೆಂದಲ್ಲ. ಅದನ್ನು ಒಬ್ಬಳೇ ಕೊಟ್ಟಳು. ನಮ್ಮ ಬನ್ಸಿನ ಬೆಲೆ ಮೂವತ್ತೈದಾಗಿ ಉಳಿಯಲು ಅಕ್ಕನ ಬೆಂಡೋಲೆಯೂ ಒಂದು ಕಾರಣ. ಕಾನೂನು ಬಂದು ಹೊಸದಾಗಿ ಒಂದು ಖರ್ಚನ್ನು ಹುಟ್ಟಿಸಿತು ಎಂದು ನಾವು ಬೋರ್ಡಿನ ಕೆಳಗೆ ಕುಳಿತು ನಕ್ಕೆವಲ್ಲ, ಖರ್ಚು ಹಳೆಯದೇ. ಒಂದು ತಲೆಯ ಮೇಲಿದ್ದುದು ಹಲವು ತಲೆಗಳಿಗೆ ಹಂಚಿತು, ಅಷ್ಟೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ವಿಸ್ತರಿಸಿ ಬರೆಯಿಸಿದ್ದೇನೆ. ಅದರ ಬೆಲೆ ಇಪ್ಪತ್ತೆಂಟು ಪೈಸೆ ಎಂದು ತಿಳಿದಿರಲಿಲ್ಲ.

ಭಟ್ಟರ ಪಕ್ಷವನ್ನೂ ಹೇಳದಿದ್ದರೆ ತಪ್ಪಾದೀತು. ಅವರು ಕೆಟ್ಟವರಲ್ಲ. “ಮಾಷ್ಟ್ರೇ, ಪೈಸೆಯ ಕಷ್ಟ ಅಲ್ಲ. ತಿಂಗಳು ಮುಗಿದು ಹದಿನೈದನೇ ತಾರೀಕಿನೊಳಗೆ ಕಟ್ಟಬೇಕು; ಕಂಪ್ಯೂಟರಿನಲ್ಲಿ ಬರೆಯಲಿಕ್ಕೆ ಒಬ್ಬರಿಗೆ ಬೇರೆ ದುಡ್ಡು ಕೊಡಬೇಕು; ಒಮ್ಮೆ ಒಳಗೆ ಹೋದರೆ ಜನ ಕಡಮೆಯಾದರೂ ಹೊರಗೆ ಬರ್ಲಿಕ್ಕಿಲ್ಲ. ಎದುರಿನವ ಹದಿಮೂರು ಜನ ಇಟ್ಟು ಎಂಟು ಬರೆಯುತ್ತಾನೆ. ಅವನ ಬನ್ಸು ಇವತ್ತಿಗೂ ಮೂವತ್ತೈದು. ನೀವೆಲ್ಲ ಅಲ್ಲಿಗೆ ಹೋದರೆ ನಾನು ಎಂತ ಮಾಡುದು?” ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನು ಎಲ್ಲರಿಗೂ ತಾಗಿದರೆ ಇಪ್ಪತ್ತೆಂಟು ಪೈಸೆ. ಒಬ್ಬನಿಗೆ ಮಾತ್ರ ತಾಗಿದರೆ ಅವನ ವ್ಯಾಪಾರ. ಸತ್ಯವಂತನಿಗೆ ಭಾರವಾಗುವುದು ಕಾನೂನಲ್ಲ, ಎದುರಿನ ಹೋಟೆಲು.

ಈ ಜಗಳ ನಮ್ಮ ಊರಿನದು ಮಾತ್ರವಲ್ಲ ಎಂದು ಓದಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು. ಅಮೆರಿಕದಲ್ಲಿ ೨೦೧೦ರಲ್ಲಿ ಒಂದು ಆರೋಗ್ಯ ಕಾಯಿದೆಯಾಯಿತು; ಅಲ್ಲಿ ಗೆರೆ ಐವತ್ತು ಆಳುಗಳಿಗೆ. ೨೦೧೨ರಲ್ಲಿ ಒಂದು ಪಿಜ್ಜಾ ಕಂಪೆನಿಯ ಯಜಮಾನರು, ಈ ಕಾಯಿದೆಯಿಂದ ಒಂದೊಂದು ಪಿಜ್ಜಾಕ್ಕೆ ಹನ್ನೊಂದರಿಂದ ಹದಿನಾಲ್ಕು ಸೆಂಟು ಹೆಚ್ಚು ಬೀಳುತ್ತದೆ ಎಂದು ಲೆಕ್ಕ ಹೇಳಿದರು. ದೇಶವೆಲ್ಲ ಅದೇ ಮಾತಾಯಿತು. ಅದಕ್ಕೂ ಮುಂಚೆ, ೨೦೦೮ರಿಂದಲೇ, ಸಾನ್ ಫ್ರಾನ್ಸಿಸ್ಕೊ ನಗರ ತನ್ನಲ್ಲಿಯ ಧಣಿಗಳು ಆಳುಗಳ ಆರೋಗ್ಯಕ್ಕೆ ಖರ್ಚು ಮಾಡಲೇಬೇಕೆಂದು ವಿಧಿಸಿತ್ತು. ಅಲ್ಲಿಯ ಅನೇಕ ಹೋಟೆಲುಗಳು ಬಿಲ್ಲಿನ ಕೊನೆಯಲ್ಲಿ ಅದಕ್ಕೆಂದೇ ಬೇರೆ ಸಾಲು ಬರೆದು ಗಿರಾಕಿಗಳಿಂದ ವಸೂಲು ಮಾಡಿದುವು. ೨೦೧೩ರಲ್ಲಿ ನಗರದ ವಕೀಲರು ವಿಚಾರಿಸಿದಾಗ, ಕೆಲವು ಹೋಟೆಲುಗಳು ಹಾಗೆ ವಸೂಲು ಮಾಡಿದ ಹಣವನ್ನೆಲ್ಲ ಆಳುಗಳಿಗೆ ಖರ್ಚು ಮಾಡದೆ ಇಟ್ಟುಕೊಂಡದ್ದು ಹೊರಬಿತ್ತು. ಬೋರ್ಡಿನಲ್ಲಿ ಬರೆದ ಕಾರಣ ಬೇರೆ, ಪೆಟ್ಟಿಗೆಗೆ ಬೀಳುವ ದುಡ್ಡು ಬೇರೆ ಎಂಬುದು ಭಟ್ಟರು ಕಂಡುಹಿಡಿದ ವಿದ್ಯೆಯೇನೂ ಅಲ್ಲ.

ನಮ್ಮ ದೇಶದಲ್ಲಿಯೇ ಇನ್ನೊಂದು ಸಂಗತಿ ನಡೆದಿದೆ. ೨೦೧೯ರ ಜುಲೈ ಒಂದರ ತನಕ ಈ ವಿಮೆಯ ಪಾಲು ಒಟ್ಟು ನೂರಕ್ಕೆ ಆರೂವರೆ ಇತ್ತು. ಆ ದಿನದಿಂದ ನಾಲ್ಕಕ್ಕೆ ಇಳಿಸಿದರು. ಧಣಿಯ ಪಾಲು ೪.೭೫ರಿಂದ ೩.೨೫ಕ್ಕೆ ಬಂತು. ಬೋರ್ಡು ಓದುವ ರೋಗವಿದ್ದೂ, ‘ಇ.ಎಸ್.ಐ. ಇಳಿದ ನಿಮಿತ್ತ ಬೆಲೆ ಇಳಿಸಲಾಗಿದೆ’ ಎಂಬ ಬೋರ್ಡನ್ನು ನಾನು ಯಾವ ಊರಿನಲ್ಲಿಯೂ ಓದಲಿಲ್ಲ. ಏರುವಾಗ ಕಾನೂನಿಗೆ ಬನ್ಸಿನ ನೆಂಟಸ್ತನ, ಇಳಿಯುವಾಗ ಪರಿಚಯವೇ ಇಲ್ಲ! ಹಾಗಾದರೆ ಆ ೩.೨೫ ನಿಜವಾಗಿ ಎಲ್ಲಿಂದ ಬರುತ್ತದೆ? ಸ್ವಲ್ಪ ಧಣಿಯ ಲಾಭದಿಂದ ಬಂದೀತು, ಸ್ವಲ್ಪ ನಮ್ಮ ಜೇಬಿನಿಂದ, ಸ್ವಲ್ಪ ಮುಂದಿನ ವರ್ಷ ಏರಬೇಕಾಗಿದ್ದು ಏರದೆ ಉಳಿದ ಆಳಿನ ಸಂಬಳದಿಂದಲೇ ಬಂದೀತು. ಬೋರ್ಡು ಒಂದೇ ಕಾರಣ ಹೇಳುತ್ತದೆ. ಬೆಲೆಗೆ ಯಾವಾಗಲೂ ಹಲವು ಕಾರಣಗಳು. ಗ್ಯಾಸು, ತೆಂಗಿನಕಾಯಿ, ಎಣ್ಣೆ, ಬಾಡಿಗೆ ಎಲ್ಲ ಏರಿವೆ. ಆದರೆ ಅವುಗಳನ್ನು ಬೈದರೆ ತಿರುಗಿ ಕೇಳುವ ಮುಖವಿಲ್ಲ. ಸರಕಾರಕ್ಕೆ ಮುಖವುಂಟು.

ನಾನು ಅಕ್ಕನನ್ನು, “ಈಗ ಕಾರ್ಡು ಬಂದಿದೆಯಲ್ಲ, ಪ್ರಯೋಜನವಾಯಿತೇ?” ಎಂದು ಕೇಳಿದೆ. ವಿಮೆಯ ದವಾಖಾನೆಗೆ ಹೋಗಲು ಎರಡು ಬಸ್ಸು ಹತ್ತಬೇಕು, ಅರ್ಧ ದಿನ ಸಾಲಿನಲ್ಲಿ ನಿಲ್ಲಬೇಕು, ಕೆಲವು ಮಾತ್ರೆ ನಾಳೆ ಬಾ ಎನ್ನುತ್ತಾರೆ ಎಂದಳು. ಮಗಳ ಕಣ್ಣಿಗೆ ಮಾತ್ರ ಅಲ್ಲಿಯೇ ಔಷಧ ಆಯಿತಂತೆ, ದುಡ್ಡು ಕೇಳಲಿಲ್ಲವಂತೆ. ಆಮೇಲೆ ಸ್ವಲ್ಪ ತಡೆದು, “ಅಲ್ಲಿ ಹೆಸರು ಹಿಡಿದು ಕರೆಯುತ್ತಾರೆ” ಎಂದಳು.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾನು ಮನೆಗೆ ಬಂದು ಹೆಂಡತಿಗೆ ಒಂದು ಉಪನ್ಯಾಸ ಮಾಡಿದೆ. ೧೯೧೧ರಲ್ಲಿ ಇಂಗ್ಲೆಂಡಿನಲ್ಲಿ ಇಂಥದೇ ಕಾಯಿದೆ ಬಂದಾಗ ದೊಡ್ಡ ಮನೆಗಳ ಹೆಂಗಸರು ಲಂಡನ್ನಿನಲ್ಲಿ ಸಭೆ ಕೂಡಿ, ಮನೆಗೆಲಸದವರ ಕಾರ್ಡಿಗೆ ತಾವು ಅಂಚೆಚೀಟಿಯಂಥ ಚೀಟಿಯನ್ನು ನೆಕ್ಕಿ ಅಂಟಿಸುವುದು ಸಾಧ್ಯವೇ ಇಲ್ಲವೆಂದು ಗಲಾಟೆ ಮಾಡಿದ್ದರೆಂದು ಹೇಳಿ ನಕ್ಕೆ. ಅವಳು ಬೀನ್ಸು ಹೆಚ್ಚುತ್ತಿದ್ದವಳು ನಗಲಿಲ್ಲ. “ಕಳೆದ ವರ್ಷ ನಮ್ಮ ಕೆಲಸದವಳಿಗೆ ಮಲೇರಿಯ ಬಂದು ಹನ್ನೆರಡು ದಿನ ಬರಲಿಲ್ಲ. ಬಾರದ ದಿನದ್ದು ಹಿಡಿಯುವುದು ನ್ಯಾಯ ಅಂತ ಹೇಳಿದ್ದು ಯಾರು?” ಎಂದು ಕೇಳಿದಳು.

ಹೇಳಿದ್ದು ನಾನೇ. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಸಂಬಳದಲ್ಲಿ ಹನ್ನೆರಡು ದಿನದ್ದು ಸಾವಿರದ ಆರುನೂರು ಹಿಡಿದಿದ್ದೆ. ಭಾಗಾಕಾರ ಕೂಡ ನಾನೇ ಮಾಡಿದ್ದೆ. ಅದೇ ವರ್ಷ ಟೈಫಾಯಿಡ್ ಆಗಿ ನಾನು ಮೂರು ವಾರ ಮಲಗಿದ್ದೆ. ಕಾಲೇಜಿನವರು ಒಂದು ಪೈಸೆಯನ್ನೂ ಹಿಡಿಯಲಿಲ್ಲ. ಧಣಿಗಳ ಲೆಕ್ಕವನ್ನು ಅಷ್ಟು ಉತ್ಸಾಹದಿಂದ ಮಾಡಿದ ನಾನು, ಧಣಿಗಳನ್ನು ಎಣಿಸುವಾಗ ನನ್ನನ್ನು ಬಿಟ್ಟಿದ್ದೆ. ದಾರಿಹೋಕನ ಕೆಲಸವನ್ನು ಹೆಂಡತಿ ಮಾಡಿದಳು.

ಮನೆ ಎಂಬುದು ಕಾನೂನಿನ ಕಣ್ಣಿಗೆ ಹೋಟೆಲೂ ಅಲ್ಲ, ಕಾರಖಾನೆಯೂ ಅಲ್ಲ. ಮನೆಗೆಲಸದವರು ಈ ವಿಮೆಯ ಹೊರಗೆ. ಬಡವರ ಕಾರ್ಡಿದ್ದರೆ ಆಸ್ಪತ್ರೆಯ ಖರ್ಚಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ. ಆದರೆ ಮಲಗಿದ ದಿನಗಳ ಕೂಲಿಯನ್ನು ಅದು ಕೊಡುವುದಿಲ್ಲ. ತಿಂಗಳಿಗೆ ನೂರಕ್ಕೆ ನಾಲ್ಕರಂತೆ ನೂರ ಅರುವತ್ತು ರೂಪಾಯಿ ಒಂದು ಡಬ್ಬಿಯಲ್ಲಿ ಹಾಕಿಡೋಣವೇ ಎಂದು ಯೋಚಿಸಿದೆ. ವರ್ಷಕ್ಕೆ ಎರಡು ಸಾವಿರವೂ ಆಗುವುದಿಲ್ಲ. ಒಂದು ದೊಡ್ಡ ಜ್ವರಕ್ಕೆ ಸಾಲದು. ಭಟ್ಟರ ಲೆಕ್ಕವೂ ಅಷ್ಟೆ: ಅಕ್ಕನ ಒಂದು ಸುಟ್ಟ ಗಾಯದ ಕೂಲಿ ತುಂಬಲು ಇಪ್ಪತ್ತೆಂಟು ಪೈಸೆಯಂತೆ ಮೂವತ್ತೇಳು ಸಾವಿರ ಪ್ಲೇಟಿಗೂ ಹೆಚ್ಚು ಬನ್ಸು ಖರ್ಚಾಗಬೇಕು. ಒಬ್ಬನ ಡಬ್ಬಿ ವಿಮೆಯಲ್ಲ; ಲಕ್ಷ ಜನರ ಡಬ್ಬಿ ಒಂದಾದರೆ ವಿಮೆ. ದಯೆಯಿಂದ ಆಗುವ ಕೆಲಸವಾಗಿದ್ದರೆ ನನ್ನ ಐವತ್ತು ರೂಪಾಯಿಯಿಂದಲೇ ಆಗುತ್ತಿತ್ತು. ಮರುದಿನ ಕೆಲಸದವಳಿಗೆ ಸಾವಿರದ ಆರುನೂರು ರೂಪಾಯಿ ಕೊಟ್ಟೆವು. “ಇದು ಯಾವುದರದ್ದು?” ಎಂದಳು. ಕಳೆದ ವರ್ಷದ ಜ್ವರದ್ದು ಎಂದು ಹೆಂಡತಿ ಹೇಳಿದಳು. “ಮತ್ತೆ ಹಿಡಿಯುವುದಿಲ್ಲವಲ್ಲ?” ಎಂದು ಕೇಳಿ, ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡಳು.

ಕಡೆಗೆ ಬೋರ್ಡಿನ ವಿಷಯ. ಕಳೆದ ವಾರ ಭಟ್ಟರೇ ನನ್ನನ್ನು ಕರೆದು, “ಬೋರ್ಡಿನಲ್ಲಿ ತಪ್ಪುಂಟಂತೆ ಮಾಷ್ಟ್ರೇ, ಒಂದು ಸರಿಮಾಡಿ ಕೊಡಿ” ಎಂದರು. ಈ ದಿನಕ್ಕಾಗಿಯೇ ನಾನು ಕಾಯುತ್ತಿದ್ದೆ. ಒಂದು ಹಾಳೆಯಲ್ಲಿ, ‘ಬೆಲೆ ಐದು ರೂಪಾಯಿ ಏರಿಸಲಾಗಿದೆ. ಅದರಲ್ಲಿ ಇಪ್ಪತ್ತೆಂಟು ಪೈಸೆ ಇಲ್ಲಿ ದುಡಿಯುವ ಹತ್ತು ಜನರ ಆರೋಗ್ಯಕ್ಕೆ’ ಎಂದು ದುಂಡಾಗಿ ಬರೆದುಕೊಟ್ಟೆ. ಭಟ್ಟರು ಓದಿ, ಹಾಳೆಯನ್ನು ಮಡಚಿ, “ಬರೆದದ್ದು ಚಂದ ಉಂಟು. ಆದರೆ ಉಳಿದ ನಾಲ್ಕು ರೂಪಾಯಿ ಎಪ್ಪತ್ತೆರಡು ಪೈಸೆ ಎಂತಕ್ಕೆ ಅಂತ ಕೇಳಿದರೆ ನಾನು ಎಂತ ಹೇಳುದು?” ಎಂದರು. ಕೊನೆಗೆ ಹಳೆಯ ವಾಕ್ಯವನ್ನೇ ‘ನಿಮಿತ್ತ’, ‘ಪದಾರ್ಥ’, ‘ಹೆಚ್ಚಿಸಲಾಗಿದೆ’ ಎಂದು ತಿದ್ದಿಕೊಟ್ಟೆ. ಪೈಂಟರನು ಹೊಸದಾಗಿ ಬರೆದು ತೂಗುಹಾಕಿದ್ದಾನೆ.

ಬೋರ್ಡಿನಲ್ಲಿ ಈಗ ತಪ್ಪಿಲ್ಲ. ಕಾಗುಣಿತದ ತಪ್ಪು, ಎನ್ನಬೇಕು.